'ಪ್ರಾಣಿರಹಿತ ಪರೀಕ್ಷೆ' ಅನ್ನಬಹುದಾ? ನ್ಯಾನೋ ಔಷಧಿಯ ಕೆಲವು ಪದಗಳು

ಗೆಳೆಯರೇ,

ಔಷಧಿಗೆ ಬಳಸುವ ನ್ಯಾನೋ ಕಣಗಳು ಸುರಕ್ಷಿತವೇ ಎಂದು ಪ್ರಾಣಿಗಳ ಮೇಲೆ ಪ್ರಯೋಗ ಮಾಡದೆ ಹೇಗೆ ನೋಡುತ್ತಾರೆ ಅನ್ನುವುದರ ಬಗ್ಗೆ ಪಿಯುಸಿ ಮಕ್ಕಳಿಗಾಗಿ ಬರೆಯುತ್ತಿದ್ದೇನೆ. 'ಪ್ರಾಣಿರಹಿತ ಪರೀಕ್ಷೆ' ಎಂಬ ಪದ ಸುಲಭವಾಗಿ ಕೈಗೆ ಸಿಗುತ್ತದೆ. ಆದರೆ ಅದನ್ನು ಬರೆಯಲು ನನಗೆ ಮನಸ್ಸು ಒಪ್ಪುತ್ತಿಲ್ಲ.

ಕಾರಣ ಇದು. ಲ್ಯಾಬಿನಲ್ಲಿ ಜೀವಕೋಶ ಬೆಳೆಸುವ ದ್ರವಕ್ಕೆ ಸಾಮಾನ್ಯವಾಗಿ ಹುಟ್ಟದ ಕರುವಿನ ರಕ್ತದಿಂದ ತೆಗೆದ ಸೀರಮ್ ಬೆರೆಸುತ್ತಾರೆ. ಇನ್ನೊಂದು ಉದಾಹರಣೆ ನೋಡಿ. ಚುಚ್ಚುಮದ್ದಿನಲ್ಲಿ ಜ್ವರ ಬರಿಸುವ ಬ್ಯಾಕ್ಟೀರಿಯಾದ ಚೂರುಗಳು ಇವೆಯೇ ಎಂದು ತಿಳಿಯಲು ಮೊದಲು ಮೊಲಕ್ಕೆ ಚುಚ್ಚಿ, ಅದರ ಮೈ ಬಿಸಿ ಅಳೆಯುತ್ತಿದ್ದರು. ಆಮೇಲೆ ಲಾಳದ ಏಡಿಯ (ಹಾರ್ಸ್‌ಶೂ ಕ್ರ್ಯಾಬ್) ನೀಲಿ ರಕ್ತದಿಂದ ಮಾಡಿದ ಸಾರ ಬಂತು. ಆ ಚೂರುಗಳು ಸೋಕಿದರೆ ಸಾಕು, ಅದು ಹೆಪ್ಪುಗಟ್ಟುತ್ತದೆ. ಮೊಲ ಬದುಕಿತು, ನಿಜ. ಆದರೆ ಕಡಲಿನಿಂದ ಹಿಡಿದು ತಂದ ಏಡಿಗಳ ರಕ್ತ ತೆಗೆದು ಮತ್ತೆ ಕಡಲಿಗೆ ಬಿಟ್ಟಾಗ ಅವುಗಳಲ್ಲಿ ಒಂದಷ್ಟು ಸಾಯುತ್ತವೆ. ಇದನ್ನು 'ಪ್ರಾಣಿರಹಿತ' ಅನ್ನುವುದು ಹೇಗೆ? ಏಡಿಯ ಜೀನನ್ನು ಬಳಸಿ ಲ್ಯಾಬಿನಲ್ಲೇ ತಯಾರಿಸುವ ಪ್ರೋಟೀನೂ ಈಗ ಇದೆ, ಮನುಷ್ಯರ ರಕ್ತಕೋಶಗಳಿಂದ ಮಾಡುವ ಪರೀಕ್ಷೆಯೂ ಇದೆ. ಈ ವ್ಯತ್ಯಾಸ ಓದುವ ಮಕ್ಕಳಿಗೆ ಗೊತ್ತಾಗಬೇಕು. ಹಾಗಾಗಿ ಸದ್ಯಕ್ಕೆ 'ಜೀವಂತ ಪ್ರಾಣಿಯ ಮೇಲೆ ಮಾಡದ ಪರೀಕ್ಷೆ' ಎಂದು ಉದ್ದಕ್ಕೇ ಬರೆದಿದ್ದೇನೆ. 2023ರಲ್ಲಿ ನಮ್ಮ ದೇಶದ ಹೊಸ ಔಷಧಿಗಳ ನಿಯಮಕ್ಕೆ ತಿದ್ದುಪಡಿ ತಂದು ಇಂಥ ವಿಧಾನಗಳಿಗೆ ಜಾಗ ಕೊಟ್ಟಿದ್ದಾರೆ. ಅಂದಮೇಲೆ ಈ ಪದ ಇನ್ನು ಜಾಸ್ತಿ ಬೇಕಾಗುತ್ತದೆ.

ಮೇಲೆ ಹೇಳಿದ ಚೂರುಗಳಿಗೆ, ಅಂದರೆ ಎಂಡೋಟಾಕ್ಸಿನ್‌ಗೆ, 'ನಂಜು' ಚೆನ್ನಾಗಿ ಒಗ್ಗುತ್ತದೆ ಅನ್ನಿಸಿತು. ಗಾಯ ನಂಜಾಯ್ತು, ಜ್ವರ ಬಂತು ಅಂತೀವಲ್ವಾ? ನಂಜುಂಡನ ಹೆಸರಿನಲ್ಲಿ ನಂಜು ಎಂದರೆ ವಿಷವೇ ಆದರೂ, ಟಾಕ್ಸಿಸಿಟಿಗೆ 'ವಿಷತ್ವ'ವನ್ನೇ ಉಳಿಸಿಕೊಂಡು ಎರಡನ್ನೂ ಬೇರೆ ಇಡುವುದು ಒಳ್ಳೆಯದು.

ಇನ್ ವಿಟ್ರೋಗೆ, ಅಂದರೆ ಜೀವಿಯ ದೇಹದ ಹೊರಗೆ ಲ್ಯಾಬಿನಲ್ಲಿ ಮಾಡುವ ಪರೀಕ್ಷೆಗೆ, ಏನನ್ನುವುದು? ಲ್ಯಾಟಿನ್ನಿನಲ್ಲಿ ಅದು 'ಗಾಜಿನೊಳಗೆ'. ಪ್ರನಾಳ ಶಿಶುವಿನ ಜಾಡು ಹಿಡಿದರೆ 'ಪ್ರನಾಳೀಯ' ಎಂದಾಗುತ್ತದೆ. ಆದರೆ ಹಾರ್ವರ್ಡಿನ ವೀಸ್ ಸಂಸ್ಥೆಯವರು 2010ರಲ್ಲಿ ಪ್ರಕಟಿಸಿದ ಶ್ವಾಸಕೋಶದಂತೆ ಕೆಲಸ ಮಾಡುವ ಚಿಪ್‌ನಲ್ಲಿ (ಲಂಗ್-ಆನ್-ಎ-ಚಿಪ್) ಪ್ರನಾಳ ಎಲ್ಲಿದೆ? ಅದು ಪೆನ್ ಡ್ರೈವಿನಷ್ಟು ದೊಡ್ಡದು. ನಡುವೆ ತೆಳುವಾದ ಪೊರೆ. ಪೊರೆಯ ಒಂದು ಬದಿಗೆ ಶ್ವಾಸಕೋಶದ ಕೋಶ ಮತ್ತು ಗಾಳಿ, ಇನ್ನೊಂದು ಬದಿಗೆ ರಕ್ತನಾಳದ ಕೋಶ ಮತ್ತು ಹರಿಯುವ ದ್ರವ. ಅಕ್ಕಪಕ್ಕದ ಕೊಳವೆಗಳಿಂದ ಗಾಳಿ ಎಳೆದು ಬಿಟ್ಟಾಗ ಪೊರೆ ಹಿಗ್ಗಿ ಕುಗ್ಗುತ್ತದೆ, ಉಸಿರಾಡಿದ ಹಾಗೆ. ಸಿಲಿಕಾ ನ್ಯಾನೋ ಕಣ ಹಾಕಿದಾಗ, ಪೊರೆ ಹೀಗೆ ಹಿಗ್ಗುತ್ತಿದ್ದರೆ ಕೋಶಗಳಿಗೆ ಆಗುವ ತೊಂದರೆ ಜಾಸ್ತಿಯಾಗಿತ್ತು. ಅಲುಗಾಡದ ತಟ್ಟೆಯಲ್ಲಿ ಕೋಶ ಬೆಳೆಸಿದರೆ ಇದು ಕಾಣುವುದೇ ಇಲ್ಲ! ಹಾಗಾಗಿ ಪಾತ್ರೆಯ ಹೆಸರು ಹಿಡಿಯುವ ಬದಲು 'ಮೈಹೊರಗಿನ' ಅನ್ನೋಣ. ಇನ್ ವಿವೋಗೆ, ಅಂದರೆ ಜೀವಂತ ದೇಹದೊಳಗೆ ಮಾಡುವುದಕ್ಕೆ, 'ಮೈಯೊಳಗಿನ' ತಾನಾಗೇ ಜೋಡಿಯಾಗುತ್ತದೆ.

ನಿಜವಾಗಿ ಸಿಕ್ಕಿಕೊಂಡಿರುವುದು ಇಂಟರ್‌ಫಿಯರೆನ್ಸ್ ಎಂಬಲ್ಲಿ. ಕೋಶ ಬದುಕಿದೆಯೇ ಎಂದು ನೋಡಲು ಎಂಟಿಟಿ ಎಂಬ ಹಳದಿ ಬಣ್ಣ ಹಾಕುತ್ತಾರೆ. ಬದುಕಿರುವ ಕೋಶ ಅದನ್ನು ನೇರಳೆ ಮಾಡುತ್ತದೆ. ನೇರಳೆ ಎಷ್ಟಿದೆ ಎಂದು ಯಂತ್ರ ಬೆಳಕಿನಿಂದ ಅಳೆಯುತ್ತದೆ. ಆದರೆ ಚಿನ್ನದ ನ್ಯಾನೋ ಕಣಗಳ ಬಣ್ಣವೇ ಕೆಂಪು. ಅವೂ ಬೆಳಕು ಹೀರುತ್ತವೆ, ಸತ್ತ ಕೋಶಗಳೂ ಬದುಕಿರುವಂತೆ ಲೆಕ್ಕಕ್ಕೆ ಬಂದುಬಿಡಬಹುದು. ಇದಕ್ಕೆ 'ಹಸ್ತಕ್ಷೇಪ' ಅಂದರೆ ಯಾರೋ ಬೇಕೆಂದೇ ಕೈ ಹಾಕಿದಂತೆ ಕೇಳುತ್ತದೆ. 'ವ್ಯತೀಕರಣ'ವನ್ನು ಭೌತಶಾಸ್ತ್ರದವರು ಬೆಳಕಿನ ಅಲೆಗಳಿಗೆ ಇಟ್ಟುಕೊಂಡಿದ್ದಾರೆ. 'ಅಡ್ಡಿ' ಅಂದರೆ ಪರೀಕ್ಷೆಯೇ ನಿಂತುಹೋದ ಹಾಗೆ. ಇಲ್ಲಿ ಪರೀಕ್ಷೆ ನಿಲ್ಲುವುದಿಲ್ಲ, ಸುಮ್ನೆ ತಪ್ಪು ಅಂಕಿ ಕೊಡುತ್ತದೆ. 'ಅಳತೆಗೆಡುಕು' ಎಂದು ಕಟ್ಟಿ ನೋಡಿದೆ. ಕಿವಿಗೆ ಒರಟಾಗಿದೆಯಾ? ಲ್ಯಾಬಿನಲ್ಲಿ ಕೆಲಸ ಮಾಡುವವರು ಕನ್ನಡದಲ್ಲಿ ಮಾತಾಡುವಾಗ ಇದಕ್ಕೆ ಏನನ್ನುತ್ತೀರಿ, ದಯವಿಟ್ಟು ತಿಳಿಸಿ.