ದಿನಬಳಕೆಗೆ ಹಳೆಯ ದೊಡ್ಡ ಫೋರ್‌ವೀಲ್ ಡ್ರೈವ್: ಓಡಿಸಿದವರು ಹೇಳಿ

ಹೊಸ ಸವಾರ:
ಹತ್ತು ಹನ್ನೆರಡು ವರ್ಷ ಓಡಿದ ದೊಡ್ಡ ಎಸ್‌ಯುವಿಯೊಂದನ್ನು ದಿನಬಳಕೆಗೆ ಕೊಳ್ಳಬೇಕೆಂದಿದ್ದೇನೆ. ಮನೆಯ ಹತ್ತಿರದ ಕೊನೆಯ ಒಂದು ಕಿಲೋಮೀಟರ್ ಮಳೆ ಬಿದ್ದರೆ ಕೆಸರು, ಆದ್ದರಿಂದ ಫೋರ್‌ವೀಲ್ ಡ್ರೈವ್ ಇರಲೇಬೇಕು. ಉಳಿದದ್ದು ಕಚೇರಿಯ ಓಡಾಟ: ಹೋಗಲು ಎಂಟು ಕಿಲೋಮೀಟರ್, ಬರಲು ಎಂಟು, ದಾರಿಯುದ್ದಕ್ಕೂ ಸಿಗ್ನಲ್. ತಾಯಿಯವರಿಗೆ ಮೊಣಕಾಲು ನೋವಿದೆ, ಅವರು ಹತ್ತಿ ಇಳಿಯುವಂತಿರಬೇಕು. ಎರಡು ಗಾಡಿ ನೋಡಿಟ್ಟಿದ್ದೇನೆ. ಒಂದು ಆಟೋಮ್ಯಾಟಿಕ್ ಡೀಸೆಲ್, ಏರ್ ಸಸ್ಪೆನ್ಷನ್ (ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲ) ಇದೆ. ಇನ್ನೊಂದು ಅದಕ್ಕಿಂತ ಹಳೆಯದು, ಮ್ಯಾನುಯಲ್ ಗೇರ್, ಹಿಂದೆ ಮುಂದೆ ಎರಡೂ ಕಡೆ ಸಾಲಿಡ್ ಆಕ್ಸಲ್, ಅಂದರೆ ಎಡ ಬಲ ಚಕ್ರಗಳನ್ನು ಸೇರಿಸುವ ಒಂದೇ ಗಟ್ಟಿ ಅಚ್ಚು. ಯಾವುದು ವಾಸಿ?

ಗಾಳಿ ಸ್ಪ್ರಿಂಗ್:
ಏರ್ ಸಸ್ಪೆನ್ಷನ್ ಎಂದಿರಿ, ಹೇಳುತ್ತೇನೆ. ನನ್ನದು ಯಾವ ಕಂಪನಿಯದು ಎಂದು ಬರೆಯುವುದಿಲ್ಲ, ಬರೆದರೆ ಅದರ ಭಕ್ತರು ದಂಡೆತ್ತಿ ಬರುತ್ತಾರೆ. ರಾತ್ರಿ ನೆಟ್ಟಗೆ ನಿಂತಿದ್ದ ಗಾಡಿ ಬೆಳಗ್ಗೆ ಎಡ ಮುಂಭಾಗ ಕುಸಿದು ಕೂತಿತ್ತು. ಮಾರಿದವನನ್ನು ಕೇಳಿದರೆ ‘ಚಳಿಗೆ ಹಾಗಾಗುತ್ತದೆ, ಸ್ಟಾರ್ಟ್ ಮಾಡಿ, ಏಳುತ್ತದೆ’ ಎಂದ. ಏಳುತ್ತಿತ್ತು, ನಿಜ. ರಬ್ಬರ್ ಚೀಲ ಮಡಿಕೆ ಬೀಳುವ ಕಡೆ ಬಿರುಕು ಬಿಡುತ್ತದೆ, ಗಾಳಿ ಸೋರುತ್ತದೆ, ಸೋರಿದ್ದನ್ನು ತುಂಬಲು ಕಂಪ್ರೆಸರ್ ಓಡುತ್ತಲೇ ಇರುತ್ತದೆ, ಕಡೆಗೆ ಅದರ ಪಿಸ್ಟನ್ ರಿಂಗ್ ಸವೆದು ಅದೂ ಸುಟ್ಟುಹೋಗುತ್ತದೆ. ತೇವ ಹೀರಲೆಂದು ಡ್ರೈಯರಿನಲ್ಲಿ ಇಟ್ಟಿರುವ ಹರಳುಗಳು ಪುಡಿಯಾಗಿ ವಾಲ್ವ್ ಬ್ಲಾಕಿಗೆ ಹೋಗಿ ಸೇರುತ್ತವೆ. ಮುಂದಿನ ಎರಡು ಚೀಲ, ಕಂಪ್ರೆಸರ್, ರಿಲೇ, ವಾಲ್ವ್ ಬ್ಲಾಕ್, ಎತ್ತರದ ಸೆನ್ಸರಿಗೆ ಇರುವ ಬೆರಳುದ್ದದ ಕಡ್ಡಿ, ಆ ಕಡ್ಡಿ ಹಾಕಿದ ಮೇಲೆ ಕಂಪ್ಯೂಟರ್ ಹಚ್ಚಿ ಎತ್ತರ ಸರಿಪಡಿಸಿದ್ದಕ್ಕೆ ಬೇರೆ ದುಡ್ಡು, ಅಲೈನ್‌ಮೆಂಟ್‌ಗೆ ಮತ್ತೆ ಬೇರೆ. ಕೂಡಿಸಿದರೆ ಗಾಡಿಗೆ ಕೊಟ್ಟ ಹಣದ ಮೂರನೇ ಒಂದು ಪಾಲು. ತೆಗೆದು ಕಾಯಿಲ್ ಸ್ಪ್ರಿಂಗ್ ಹಾಕಿಸಿ ಎಂದವರ ಮಾತನ್ನು ನಾನು ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ಎರಡೂವರೆ ಟನ್ ತೂಗುವ ಗಾಡಿ ಹಳ್ಳದ ಮೇಲೆ ಹೋದದ್ದು ಒಳಗೆ ಕೂತವರಿಗೆ ಗೊತ್ತಾಗಬಾರದು ಎಂಬುದಕ್ಕಾಗಿಯೇ ಅದನ್ನು ಕೊಂಡದ್ದು.

ಏಣಿ ಚಾಸಿ:
ಗಾಡಿಯ ಮೂರನೇ ಒಂದು ಪಾಲನ್ನು ಗಾಳಿಗೆ ತೂರಿದವರು ಸಲಹೆ ಕೊಡುವ ಕಾಲ ಬಂತು. ಸಾಲಿಡ್ ಆಕ್ಸಲ್ ತೆಗೆದುಕೊಳ್ಳಿ, ಮಾತು ಮುಗಿಯಿತು. ನನ್ನದು ಇಪ್ಪತ್ತು ವರ್ಷ ದಾಟಿದ ಗಾಡಿ, ದೊಡ್ಡ ಖರ್ಚು ಎಂಬುದೇ ಇಲ್ಲ. ಮುಂದಿನ ನಕಲ್‌ಗಳನ್ನು, ಅಂದರೆ ಚಕ್ರ ತಿರುಗಿಸುವ ಕೀಲುಗಳನ್ನು, ಬಿಚ್ಚಿಸಿದ್ದುಂಟು. ಆಕ್ಸಲ್ಲಿನ ಒಳಗಿನ ಸೀಲ್ ಹೋದರೆ ಡಿಫರೆನ್ಷಿಯಲ್ ಆಯಿಲ್ ಗ್ರೀಸಿಗೆ ಸೇರಿ ಕಪ್ಪು ಗಂಜಿಯಾಗಿ ಚಕ್ರದ ಒಳಮೈಗೆ ಇಳಿಯುತ್ತದೆ. ಸೀಲ್‌ಗಳು, ಮೇಲಿನ ಕೆಳಗಿನ ಬೇರಿಂಗ್‌ಗಳು, ಚಕ್ರದ ಬೇರಿಂಗ್‌ಗಳು, ಒರೆಸುವ ಫೆಲ್ಟ್, ಶಿಮ್‌ಗಳು. ಬಿಡಿಭಾಗಕ್ಕಿಂತ ಕೂಲಿಯೇ ಹೆಚ್ಚು, ಏಕೆಂದರೆ ಅರ್ಧ ದಿನ ಆ ಗಂಜಿಯನ್ನು ತೊಳೆಯುವುದರಲ್ಲಿಯೇ ಹೋಗುತ್ತದೆ. ಆಮೇಲೆ ಗಂಟೆಗೆ 80ರ ವೇಗದಲ್ಲಿ ಗುಂಡಿ ಹಾರಿದರೆ ಸ್ಟೇರಿಂಗ್ ಥರಥರ ನಡುಗುತ್ತಿತ್ತು. ಟೈರ್ ಬ್ಯಾಲೆನ್ಸ್ ಮಾಡಿಸಿದೆ, ಟೈ ರಾಡ್ ತುದಿಗಳನ್ನು ಬದಲಿಸಿದೆ, ಸ್ಟೇರಿಂಗ್ ಡ್ಯಾಂಪರ್ ಹೊಸದು ಹಾಕಿಸಿದೆ, ಕಡೆಗೆ ನೋಡಿದರೆ ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡಿನ ಬುಷ್. ಇದೆಲ್ಲ ದುರಸ್ತಿಯಲ್ಲ, ಮಾಮೂಲಿ ಆರೈಕೆ. ಚಾಸಿಯ ಹಿಂಭಾಗಕ್ಕೆ, ಸ್ಪ್ರಿಂಗ್ ಕೂರುವ ಜಾಗಕ್ಕೆ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ. ಠಣ್ ಎಂದರೆ ಕೊಳ್ಳಿ, ಡಬ್ ಎಂದರೆ ನಡೆಯಿರಿ. ಒಳಗೆ ಕೂತ ಕೆಸರು ತೇವ ಹಿಡಿದು ತಗಡನ್ನು ಒಳಗಿನಿಂದಲೇ ತಿಂದಿರುತ್ತದೆ, ಮೇಲೆ ಬಳಿದ ಹೊಸ ಕಪ್ಪು ಬಣ್ಣ ಅದನ್ನು ಮುಚ್ಚುತ್ತದೆ.

ಗಾಳಿ ಸ್ಪ್ರಿಂಗ್:
ಡ್ಯಾಂಪರ್, ಬುಷ್, ಬೇರಿಂಗ್, ಸೀಲ್ ಎಲ್ಲವನ್ನೂ ಬದಲಿಸಿ ‘ಖರ್ಚು ಎಂಬುದೇ ಇಲ್ಲ’ ಎನ್ನುವ ಧೈರ್ಯ ಮೆಚ್ಚಬೇಕು. ಬಿಲ್ಲುಗಳನ್ನು ಕೂಡಿಸಿದ್ದೀರಾ, ಅಥವಾ ಕೂಡಿಸದೆ ಇರುವುದೇ ಉಳಿತಾಯವೇ?

ಇಸವಿ ಪಂಡಿತ:
ಸಾಲಿಡ್ ಆಕ್ಸಲ್ ಇದ್ದರೆ ಮಾತ್ರ ನಿಜವಾದ ಫೋರ್‌ವೀಲ್ ಡ್ರೈವ್ ಎಂಬ ಧಾಟಿ ಕಾಣುತ್ತಿದೆ, ಅದಕ್ಕೆ ಬರೆಯುತ್ತಿದ್ದೇನೆ. ಲ್ಯಾಂಡ್ ಕ್ರೂಸರ್ 1998ರಲ್ಲಿ 100 ಸರಣಿಗೆ ಬಂದಾಗ ಬಹುಪಾಲು ಮಾದರಿಗಳಲ್ಲಿ ಮುಂದಿನ ಸಾಲಿಡ್ ಆಕ್ಸಲ್ ಬಿಟ್ಟಿತು, 105 ಮಾತ್ರ ಉಳಿಸಿಕೊಂಡಿತು. ಪಜೇರೊ 1999ರ ಮೂರನೇ ತಲೆಮಾರಿನಲ್ಲಿ ಒಡಲಿನ ಕೆಳಗಿನ ಪ್ರತ್ಯೇಕ ಏಣಿ ಚಾಸಿಯನ್ನೇ (ಏಣಿಯಾಕಾರದ ಉಕ್ಕಿನ ಚೌಕಟ್ಟು) ತೆಗೆದುಹಾಕಿತು. ಪೆಟ್ರೋಲ್ ವೈ61ರಲ್ಲಿ ಎರಡೂ ಕಡೆ ಸಾಲಿಡ್ ಆಕ್ಸಲ್ ಇತ್ತು, 2010ರ ವೈ62ರಲ್ಲಿ ಇಲ್ಲ. ಇವು ಯಾವುವೂ ಕೆಸರು ಕಂಡು ಹೆದರಿ ಓಡಲಿಲ್ಲ.

ವಿ8 ಪ್ರೇಮಿ:
ಪಂಡಿತರೇ, ‘ಪೆಟ್ರೋಲ್ ವೈ61’ ಎಂದರೆ ಏನು? ನಿಸಾನ್ ಪೆಟ್ರೋಲ್ ಗಾಡಿಯ ಮಾತೇ?

ಇಸವಿ ಪಂಡಿತ:
ನಿಸಾನ್ ಪಟ್ರೋಲ್. ಕೀಲಿಮಣೆಯ ತಿದ್ದುಪಡಿ. ಇಸವಿಯಲ್ಲಿ ತಪ್ಪಿದ್ದರೆ ಹೇಳಿ.

ಮಸಿ ತಿಂದವನು:
ಎಂಟು ಕಿಲೋಮೀಟರ್, ಸಿಗ್ನಲ್, ಡೀಸೆಲ್. ಈ ಮೂರೂ ಒಟ್ಟಿಗೆ ಇದ್ದರೆ ಸಸ್ಪೆನ್ಷನ್ ಬಗ್ಗೆ ಯಾಕೆ ಜಗಳ? ಡಿಪಿಎಫ್ ನೋಡಿ, ಹೊಗೆಯ ಮಸಿ ಹಿಡಿಯುವ ಫಿಲ್ಟರ್. ಒಳಗೆ ಕೂತ ಮಸಿ ಸುಡಬೇಕಾದರೆ ಹೊಗೆ ಸುಮಾರು 600 ಡಿಗ್ರಿ ಬಿಸಿಯಾಗಬೇಕು, ಇಂಜಿನ್ ಅದಕ್ಕೆಂದೇ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಅಷ್ಟರಲ್ಲಿ ಕಚೇರಿ ಬಂತು, ಕೀಲಿ ತಿರುಗಿಸಿ ಇಳಿದಿರಿ. ಸುಡುವ ಕೆಲಸ ಅರ್ಧಕ್ಕೆ ನಿಂತಿತು, ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಗುಂಟ ಇಳಿದು ಇಂಜಿನ್ ತಳದ ಆಯಿಲ್ ತೊಟ್ಟಿಗೆ ಸೇರಿತು. ನನ್ನ ಗಾಡಿಯಲ್ಲಿ ಡಿಪ್‌ಸ್ಟಿಕ್ ತೆಗೆದರೆ ಆಯಿಲ್ ಮಟ್ಟ ಮೇಲೇರಿತ್ತು, ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ. ಹಿಂದಿನ ಯಜಮಾನ ‘ಒಂದು ಹನಿ ಆಯಿಲ್ ಕುಡಿಯುವುದಿಲ್ಲ’ ಎಂದು ಬೀಗಿದ್ದು ಇದಕ್ಕೆ.

ತೆಳುವಾದ ಆಯಿಲ್ ಟರ್ಬೊದ ಬೇರಿಂಗ್ ತಿಂದಿತು. ನನ್ನ ಮಾದರಿಯಲ್ಲಿ ಟರ್ಬೊ ಬಿಚ್ಚಬೇಕಾದರೆ ಮೇಲಿನ ಒಡಲನ್ನೇ ಚಾಸಿಯಿಂದ ಎತ್ತಬೇಕಂತೆ. ಎತ್ತಿದರು. ಟರ್ಬೊದ ದರ ಆ ಬಿಲ್ಲಿನ ಅರ್ಧವೂ ಅಲ್ಲ. ತುಕ್ಕು ಹಿಡಿದು ಮುರಿದ ಒಡಲಿನ ಬೋಲ್ಟ್‌ಗಳು, ಅವುಗಳ ತುಂಡನ್ನು ಕೊರೆದು ತೆಗೆದ ಕೂಲಿ, ಹೊಸ ಕೂಲಂಟ್, ಎಸಿ ಗ್ಯಾಸ್, ಬ್ರೇಕ್ ಆಯಿಲ್, ಗ್ಯಾಸ್ಕೆಟ್‌ಗಳು, ಟರ್ಬೊಗೆ ಆಯಿಲ್ ಒಯ್ಯುವ ಹೊಸ ಕೊಳವೆ, ‘ಹೇಗೂ ಬಿಚ್ಚಿದ್ದೇವೆ’ ಎಂದು ಹಾಕಿದ ಇಜಿಆರ್ ಕೂಲರ್ (ಇಂಜಿನ್‌ಗೆ ಮರಳುವ ಹೊಗೆಯನ್ನು ತಣಿಸುವ ಭಾಗ). ‘ಹೇಗೂ ಬಿಚ್ಚಿದ್ದೇವೆ’ ಎಂಬ ಮಾತು ಗ್ಯಾರೇಜಿನಲ್ಲಿ ಕೇಳಿಬಂದರೆ ಮೊದಲು ಪರ್ಸ್ ಮುಟ್ಟಿ ನೋಡಿಕೊಳ್ಳಿ. ಈಗ ಪ್ರತಿ ಭಾನುವಾರ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ಹದದಲ್ಲಿ ಓಡಿಸುತ್ತೇನೆ. ಗಾಡಿ ಚಿನ್ನದಂತಿದೆ, ಮಾರುವುದಿಲ್ಲ.

ವಿ8 ಪ್ರೇಮಿ:
ವಾರಕ್ಕೊಮ್ಮೆ ಮಸಿ ಸುಡಲೆಂದೇ ಡೀಸೆಲ್ ಸುಡುವವರು ಮೈಲೇಜಿನ ಪಾಠ ಹೇಳುತ್ತಾರೆ! ಲೆಕ್ಕ ಹಾಕಿ. ದಿನಕ್ಕೆ 16 ಕಿಲೋಮೀಟರ್, ವರ್ಷಕ್ಕೆ 250 ಕೆಲಸದ ದಿನ, 4,000 ಕಿಲೋಮೀಟರ್ ಆಯಿತು. ನನ್ನ ಪೆಟ್ರೋಲ್ ವಿ8 (ಎಂಟು ಸಿಲಿಂಡರ್) ಊರೊಳಗೆ ಲೀಟರಿಗೆ ಐದು ಕೊಡುತ್ತದೆ, 800 ಲೀಟರ್. ಅಷ್ಟೇ ದೊಡ್ಡ ಡೀಸೆಲ್ ಲೀಟರಿಗೆ ಒಂಬತ್ತು ಕೊಟ್ಟರೂ 444 ಲೀಟರ್. ವ್ಯತ್ಯಾಸ ವರ್ಷಕ್ಕೆ ಸುಮಾರು 350 ಲೀಟರ್. ಇಷ್ಟಕ್ಕೆ ಡಿಪಿಎಫ್ ಇಲ್ಲ, ಟರ್ಬೊ ಇಲ್ಲ, ಕಾಮನ್ ರೈಲ್ ಇಂಜೆಕ್ಟರ್ ಇಲ್ಲ. ಎಂಟು ಇಂಜೆಕ್ಟರ್ ಬದಲಿಸಿದ ಡೀಸೆಲ್ ವಿ8 ಮಾಲೀಕರನ್ನು ಒಮ್ಮೆ ಮಾತಾಡಿಸಿ ನೋಡಿ.

ಮಸಿ ತಿಂದವನು:
ವರ್ಷಕ್ಕೆ 4,000 ಕಿಲೋಮೀಟರ್ ಎಂದು ಬರೆದು ಸಂತೋಷಪಟ್ಟಿರಿ. ರಜೆಗೆ ಹೋಗುವುದಿಲ್ಲವೇ? ಮನೆಯವರನ್ನು ಬಸ್ಸಿಗೆ ಹತ್ತಿಸುತ್ತೀರಾ? ತುಂಬು ಹೊರೆ ಹಾಕಿ ಘಾಟಿ ಏರಿದಾಗ ನಿಮ್ಮ ವಿ8 ಎಷ್ಟು ಕೊಡುತ್ತದೆ ಎಂಬುದನ್ನೂ ಬರೆಯಿರಿ.

ವಿ8 ಪ್ರೇಮಿ:
ಕೇಳಿದವರು ಕಚೇರಿಗೆ ಹೋಗುತ್ತಾರೆ, ಘಾಟಿಗಲ್ಲ.

ಹೊಸ ಸವಾರ:
ಎಲ್ಲರಿಗೂ ಧನ್ಯವಾದ. ತಾಯಿಯವರು ಹತ್ತುವ ವಿಚಾರ ಯಾರಾದರೂ ತಿಳಿಸಿದರೆ ಒಳ್ಳೆಯದು. ಇನ್ನೊಂದು ಮಾತು: ಆ ಆಟೋಮ್ಯಾಟಿಕ್ ಗಾಡಿಯ ಗೇರ್‌ಬಾಕ್ಸ್ ಆಯಿಲ್ ಇದುವರೆಗೆ ಬದಲಿಸಿಲ್ಲವಂತೆ. ‘ಜೀವಮಾನದ ಆಯಿಲ್’ ಎಂದು ಮಾರುವವರು ಹೇಳುತ್ತಾರೆ.

ಗೇರ್ ಜಾರಿತು:
ಮುಟ್ಟಬೇಡಿ. ನನ್ನದು ಸ್ವಲ್ಪ ಜರ್ಕ್ ಹೊಡೆಯುತ್ತಿತ್ತು, ಅಷ್ಟೇ. ಬುದ್ಧಿವಂತನೊಬ್ಬ ಯಂತ್ರ ಹಚ್ಚಿ ಹಳೆಯ ಆಯಿಲ್ ಪೂರ್ತಿ ಹೊರತೆಗೆದು ಹೊಸದು ತುಂಬಿದ. ಅದೇ ವಾರ ನಾಲ್ಕನೇ ಗೇರಿನಲ್ಲಿ ಜಾರಲು ಶುರು. ಸವೆದ ಕ್ಲಚ್‌ಗಳ ಪುಡಿ ಹಳೆಯ ಆಯಿಲಿನಲ್ಲಿ ಇದ್ದುದರಿಂದಲೇ ಹಿಡಿತ ಉಳಿದಿತ್ತು. ಟಾರ್ಕ್ ಕನ್ವರ್ಟರ್, ಕ್ಲಚ್ ಸೆಟ್, ವಾಲ್ವ್ ಬಾಡಿ, ಎಲ್ಲ ಬಿಚ್ಚಿ ಹೊಸದು. ಆ ಬಿಲ್ಲಿಗೆ ಒಂದು ಒಳ್ಳೆಯ ಚಿಕ್ಕ ಕಾರು ಬರುತ್ತಿತ್ತು.

ನೀಲಿ ಪುಸ್ತಕ:
ಇಂಥ ಮಾತಿನಿಂದಲೇ ಎಷ್ಟೋ ಗೇರ್‌ಬಾಕ್ಸ್ ಸತ್ತಿವೆ. ಗೇರ್‌ಬಾಕ್ಸ್ ತಯಾರಿಸುವ ಝೆಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರ್ ಒಳಗೆ, ಇಲ್ಲವೇ ಎಂಟು ವರ್ಷಕ್ಕೆ ಆಯಿಲ್ ಬದಲಿಸಿ ಎನ್ನುತ್ತದೆ. ಕಾರು ಮಾರುವವರು ‘ಜೀವಮಾನ’ ಎಂದರೆ ಯಾರ ಜೀವಮಾನ? ವಾರಂಟಿಯ ಜೀವಮಾನ. ನಿಮ್ಮದು ಆಯಿಲ್ ಬದಲಿಸಿದ್ದರಿಂದ ಜಾರಲಿಲ್ಲ, ಜಾರುವ ಹೊತ್ತಿಗೆ ಬದಲಿಸಿದಿರಿ. ನನ್ನದನ್ನು ಪ್ಯಾನ್ ಇಳಿಸಿ, ಫಿಲ್ಟರ್ ಸಹಿತ ಬದಲಿಸಿದ್ದೇನೆ. ಹಲವು ಗಾಡಿಗಳಲ್ಲಿ ಪ್ಯಾನ್, ಫಿಲ್ಟರ್ ಎರಡೂ ಒಂದೇ ಪ್ಲಾಸ್ಟಿಕ್ ತುಂಡು, ಬಿಡಿಯಾಗಿ ಸಿಗುವುದಿಲ್ಲ. ತುಂಬುವಾಗ ಆಯಿಲ್ ಹೇಳಿದ ಉಷ್ಣತೆಗೆ ಬಂದ ಮೇಲೆ ಮಟ್ಟ ನೋಡಬೇಕು, ತಣ್ಣಗಿದ್ದಾಗ ನೋಡಿ ಕೈ ತೊಳೆಯುವವನ ಹತ್ತಿರ ಗಾಡಿ ಬಿಡಬೇಡಿ.

ಗೇರ್ ಜಾರಿತು:
ಅಂದರೆ ನನ್ನ ಮೆಕ್ಯಾನಿಕ್‌ಗೆ ಗೊತ್ತಿಲ್ಲ, ಪುಸ್ತಕ ಓದಿದ ನಿಮಗೆ ಗೊತ್ತು.

ನೀಲಿ ಪುಸ್ತಕ:
ಹೌದು.

ಎರಡು ಹೊಸ ಟೈರ್:
ಒಂದು ವಿಷಯ ಯಾರೂ ಹೇಳಲಿಲ್ಲ. ಫುಲ್‌ಟೈಮ್, ಅಂದರೆ ನಾಲ್ಕೂ ಚಕ್ರಕ್ಕೆ ಸದಾ ಶಕ್ತಿ ಹೋಗುವ ಫೋರ್‌ವೀಲ್ ಗಾಡಿಯಲ್ಲಿ ನಾಲ್ಕೂ ಟೈರ್ ಒಂದೇ ಅಳತೆ, ಹೆಚ್ಚುಕಡಿಮೆ ಒಂದೇ ಸವೆತ ಇರಬೇಕು. ಒಂದು ಟೈರ್ ಸೀಳಿತೆಂದು ಹಿಂದೆ ಎರಡು ಹೊಸದು ಹಾಕಿಸಿದೆ. ಸವೆದ ಮುಂದಿನವು ಸುತ್ತಳತೆಯಲ್ಲಿ ಚಿಕ್ಕವು, ಆದ್ದರಿಂದ ನೇರ ರಸ್ತೆಯಲ್ಲಿಯೂ ಮುಂದಿನ ಹಿಂದಿನ ಶಾಫ್ಟ್‌ಗಳ ವೇಗ ಬೇರೆ ಬೇರೆ. ಈ ವ್ಯತ್ಯಾಸ ತಡೆಯುವ ನಡುವಿನ ವಿಸ್ಕಸ್ ಕಪ್ಲಿಂಗ್ (ದಪ್ಪ ದ್ರವದ ಜೋಡಣೆ) ಪುರುಸೊತ್ತಿಲ್ಲದೆ ಕೆಲಸ ಮಾಡಿ ಬಿಸಿಯಾಗಿ ಗಟ್ಟಿಯಾಯಿತು. ಆಮೇಲೆ ಪಾರ್ಕಿಂಗಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಗಾಡಿ ಬ್ರೇಕ್ ಹಿಡಿದಂತೆ ಮುಗ್ಗರಿಸುತ್ತಿತ್ತು. ಟೈರ್ ಅಂಗಡಿಯವನು ‘ಎರಡೇ ಸಾಕು’ ಎಂದಿದ್ದ. ಉಳಿಸಿದ್ದು ಎರಡು ಟೈರಿನ ದುಡ್ಡು, ಕಳೆದದ್ದು ಎರಡು ಸೆಟ್ ಟೈರಿನ ದುಡ್ಡು. ಕೊಳ್ಳುವ ಮುನ್ನ ನಾಲ್ಕು ಟೈರಿನ ತಯಾರಿಕೆಯ ವಾರ ಮತ್ತು ವರ್ಷ ಓದಿ, ಬದಿಯಲ್ಲಿ ನಾಲ್ಕು ಅಂಕಿಗಳಲ್ಲಿ ಇರುತ್ತದೆ.

ಏಣಿ ಚಾಸಿ:
ಇದಕ್ಕೇ ಪಾರ್ಟ್‌ಟೈಮ್ ಎನ್ನುವುದು. ಬೇಡವಾದಾಗ ಮುಂದಿನ ಚಕ್ರಗಳು ತಮ್ಮ ಪಾಡಿಗೆ ತಾವು ಉರುಳುತ್ತವೆ. ಮಳೆ ಬಂದರೆ 4ಎಚ್ (ನಾಲ್ಕೂ ಚಕ್ರ) ಹಾಕುತ್ತೇನೆ, ಊರೆಲ್ಲ ಸುತ್ತುತ್ತೇನೆ, ಏನೂ ಆಗಿಲ್ಲ.

ಎರಡು ಹೊಸ ಟೈರ್:
ಒದ್ದೆ ಡಾಂಬರಿನ ಮೇಲೆ 4ಎಚ್ ಹಾಕಿ ಊರು ಸುತ್ತುವವರು ಪಾಠ ಹೇಳುತ್ತಿದ್ದಾರೆ! ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳಬೇಕು. ನಿಮ್ಮ ಗಾಡಿಯಲ್ಲಿ ಮುಂದಿನ ಹಿಂದಿನ ಶಾಫ್ಟ್‌ಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ನಡುವಿನ ಡಿಫರೆನ್ಷಿಯಲ್ ಇಲ್ಲ, ಎರಡೂ ಶಾಫ್ಟ್‌ಗಳು ಬಿಗಿಯಾಗಿ ಜೋಡಿಸಿಕೊಂಡಿವೆ. ಕೆಸರಿನಲ್ಲಿ ಚಕ್ರ ಜಾರಿ ಆ ಬಿಗಿ ಸಡಿಲವಾಗುತ್ತದೆ, ಹಿಡಿತವಿರುವ ರಸ್ತೆಯಲ್ಲಿ ಅದು ಮುಂದೆ ಹಿಂದೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನೊಳಗೆ ತಿರುಚಿಕೊಳ್ಳುತ್ತದೆ. ಲಿವರ್ 2ಎಚ್‌ಗೆ ಬರದೆ ಸಿಕ್ಕಿಕೊಂಡು, ಹಿಂದಕ್ಕೆ ಓಡಿಸಿ ಬಿಡಿಸಿದ್ದುಂಟೋ ಇಲ್ಲವೋ?

ಏಣಿ ಚಾಸಿ:
ಎಲ್ಲ ಗಾಡಿಯಲ್ಲಿಯೂ ಒಮ್ಮೊಮ್ಮೆ ಹಾಗಾಗುತ್ತದೆ.

ಇಸವಿ ಪಂಡಿತ:
ಎಲ್ಲ ಗಾಡಿಯಲ್ಲಿ ಆಗುವುದಿಲ್ಲ. ಪಜೇರೊದ ಸೂಪರ್ ಸೆಲೆಕ್ಟ್‌ನಲ್ಲಿ 1991ರಿಂದಲೇ ಎರಡೂ ಸೌಲಭ್ಯ ಇದೆ: 2ಎಚ್‌ನಲ್ಲಿ ಹಿಂದಿನ ಚಕ್ರ ಮಾತ್ರ, 4ಎಚ್‌ನಲ್ಲಿ ನಡುವಿನ ಡಿಫರೆನ್ಷಿಯಲ್ ತೆರೆದಿರುವುದರಿಂದ ಒಣ ರಸ್ತೆಯಲ್ಲಿಯೂ ಓಡಿಸಬಹುದು, ಲಾಕ್ ಬೇಕಾದರೆ ಅದಕ್ಕೆ ಬೇರೆ ಸ್ಥಾನ. ನಿಮ್ಮ ಗಾಡಿಯ 4ಎಚ್ ಮತ್ತು ಅದರ 4ಎಚ್ ಒಂದೇ ಅಲ್ಲ. ಹೊಸ ಸವಾರರೇ, ಲಿವರಿನ ಮೇಲಿನ ಅಕ್ಷರವನ್ನು ನಂಬಬೇಡಿ, ಮಾಲೀಕರ ಕೈಪಿಡಿ ಓದಿ.

ಗಾಳಿ ಸ್ಪ್ರಿಂಗ್:
ತಾಯಿಯವರ ವಿಚಾರ ಕೇಳಿದ್ದರು, ಯಾರಿಗೂ ಗಮನವಿಲ್ಲ. ಏರ್ ಸಸ್ಪೆನ್ಷನ್ ಇದ್ದರೆ ಗುಂಡಿ ಒತ್ತಿದರೆ ಗಾಡಿ ಸುಮಾರು ಐದು ಸೆಂಟಿಮೀಟರ್ ಕೆಳಗಿಳಿಯುತ್ತದೆ. ನಮ್ಮ ಅತ್ತೆಯವರು ಯಾರ ಕೈಯನ್ನೂ ಹಿಡಿಯದೆ ಹತ್ತುತ್ತಾರೆ. ಗಟ್ಟಿ ಆಕ್ಸಲ್ ಮಹಾಶಯರ ಗಾಡಿಗೆ ಏಣಿ ಬೇಕು, ಹೆಸರಿನಲ್ಲಿಯೇ ಇದೆ.

ಏಣಿ ಚಾಸಿ:
ಪಕ್ಕಕ್ಕೆ ಒಂದು ಫುಟ್‌ಬೋರ್ಡ್, ಬಾಗಿಲ ಕಂಬಕ್ಕೆ ಒಂದು ಹಿಡಿ. ಅದಕ್ಕೆ ಕಂಪ್ರೆಸರ್ ಬೇಡ, ಅದು ಸೋರುವುದಿಲ್ಲ, ಬೆಳಗ್ಗೆ ಎದ್ದು ನೋಡಿದರೆ ಇದ್ದಲ್ಲಿಯೇ ಇರುತ್ತದೆ. ನಿಮ್ಮದು ಅತ್ತೆಯವರು ಬರುವ ಮೊದಲೇ ಕೆಳಗಿಳಿದು ಕೂತಿರುತ್ತದಲ್ಲ, ಗುಂಡಿ ಒತ್ತುವ ಶ್ರಮವೂ ಇಲ್ಲ.

ಬಾಗಿದ ಕ್ಯಾರಿಯರ್:
ಮೇಲೆ ಕ್ಯಾರಿಯರ್ ಇರುವ ಗಾಡಿಯಾದರೆ ಕಚೇರಿಯ ನೆಲಮಾಳಿಗೆಯ ಎತ್ತರ ಅಳೆದುಕೊಂಡು ಬನ್ನಿ. ಇಂಥ ಗಾಡಿಗಳು ಹಾಗೆಯೇ 1.9 ಮೀಟರ್ ಹತ್ತಿರ ಇರುತ್ತವೆ, ದೊಡ್ಡ ಟೈರ್, ಲಿಫ್ಟ್ ಕಿಟ್, ಕ್ಯಾರಿಯರ್ ಸೇರಿದರೆ ಎರಡು ಮೀಟರ್ ದಾಟುತ್ತವೆ. ಹೆಚ್ಚು ಬರೆಯಲು ಇಷ್ಟವಿಲ್ಲ.

ಗೇರ್ ಜಾರಿತು:
ನೀಲಿ ಪುಸ್ತಕದವರೇ, ನೀವು ಇಳಿಸಿದ ಆ ಪ್ಯಾನಿನಲ್ಲಿ ಹಳೆಯ ಆಯಿಲ್ ಯಾವ ಬಣ್ಣ ಇತ್ತು? ಆಯಸ್ಕಾಂತಕ್ಕೆ ಅಂಟಿದ್ದು ಪುಡಿಯೋ, ಚೂರುಗಳೋ? ಅದನ್ನು ಹೇಳಿ, ಆಮೇಲೆ ನನ್ನ ಮೆಕ್ಯಾನಿಕ್ ಬಗ್ಗೆ ಮಾತಾಡಿ.