ಪದಚರ್ಚೆ: ಬಯಾಪ್ಸಿ ರಿಪೋರ್ಟಲ್ಲಿ ಬರೋ 'ಪ್ರೊಲಿಫರೇಶನ್ ಮಾರ್ಕರ್'ಗೆ ಕನ್ನಡದಲ್ಲಿ ಏನಂತೀರಿ?

ಎಲ್ಲರಿಗೂ ನಮಸ್ಕಾರ. ಎಚ್ಐವಿ ಇರೋರಿಗೋಸ್ಕರ ಗುದದ ಕ್ಯಾನ್ಸರ್ ತಪಾಸಣೆ ಬಗ್ಗೆ ಕನ್ನಡದಲ್ಲಿ ಒಂದು ಕೈಪತ್ರ ಬರೀತಾ ಇದೀನಿ, ಎರಡು ಪದ ಬಗೆಹರೀತಾ ಇಲ್ಲ: 'ಪ್ರೊಲಿಫರೇಶನ್ ಮಾರ್ಕರ್' (ಕೋಶಗಳು ಹೆಚ್ತಾ ಇರೋದನ್ನ ತೋರಿಸೋ ಗುರುತು) ಮತ್ತೆ 'ಪ್ರೀಕ್ಯಾನ್ಸರಸ್ ಲೀಷನ್' (ಇನ್ನೂ ಕ್ಯಾನ್ಸರ್ ಆಗಿರದ, ಮುಂದೆ ಆಗಬಹುದಾದ ಬದಲಾವಣೆ ಇರೋ ಜಾಗ).

ಮೊದಲು ವಿಷಯ ಏನು ಅಂತ ಹೇಳ್ತೀನಿ. ರಿಪೋರ್ಟಲ್ಲಿ ಕೆಐ-67 ಅಂತ ಬರುತ್ತಲ್ಲ, ಅದೇ ಈ ಪ್ರೊಲಿಫರೇಶನ್ ಮಾರ್ಕರ್. ಅದು ಕೋಶದ ನ್ಯೂಕ್ಲಿಯಸ್ ಒಳಗಿನ ಒಂದು ಪ್ರೋಟೀನು, 1983ರಲ್ಲಿ ಜರ್ಮನಿಯ ಕೀಲ್ ಊರಿನ ಸಂಶೋಧಕರು ಅದನ್ನ ಹಿಡಿಯೋ ಆಂಟಿಬಾಡಿ ಬಗ್ಗೆ ಬರೆದ್ರು, ಹೆಸರು ಬಂದಿದ್ದು ಊರಿಂದಾನೇ. ಕೋಶ ಒಂದು ಎರಡಾಗೋ ಕೆಲಸದಲ್ಲಿ ತೊಡಗಿದ್ರೆ ಅದು ಇರುತ್ತೆ, ಸುಮ್ನಿರೋ ಕೋಶದಲ್ಲಿ ಕಾಣಲ್ಲ. ಬಣ್ಣದ ಪರೀಕ್ಷೆ ಮಾಡಿದ್ರೆ ಸ್ಲೈಡಲ್ಲಿ ಕಂದು ಚುಕ್ಕೆ ಥರ ಕಾಣುತ್ತೆ. ಆದ್ರೆ ಚುಕ್ಕೆ ಇದೆಯಾ ಅನ್ನೋದಕ್ಕಿಂತ ಎಲ್ಲಿದೆ ಅನ್ನೋದು ಮುಖ್ಯ, ಯಾಕಂದ್ರೆ ಗುದದ ಆರೋಗ್ಯವಾಗಿರೋ ಒಳಪೊರೆಯಲ್ಲೂ ತೀರಾ ಕೆಳಗಿನ ಪದರದಲ್ಲಿ ಹೊಸ ಕೋಶ ಹುಟ್ತಾನೇ ಇರುತ್ವೆ, ಅಲ್ಲಿ ಚುಕ್ಕೆ ಇರೋದು ಸಹಜ. ಎಚ್‌ಪಿವಿ, ಅಂದ್ರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅದ್ರಲ್ಲೂ ಅದರ 16ನೇ ಬಗೆ, ಸೇರ್ಕೊಂಡು ಕೋಶದ ಬ್ರೇಕನ್ನ ಕೆಡಿಸಿದಾಗ ಮೇಲಕ್ಕೆ ಬಂದ ಕೋಶಗಳೂ ಎರಡಾಗ್ತಾನೇ ಹೋಗ್ತವೆ, ಆಗ ಚುಕ್ಕೆಗಳು ಮೇಲಿನ ಪದರದ ತನಕ ಏರ್ತವೆ. ಎಚ್ಐವಿ ಇದ್ದು ರೋಗನಿರೋಧಕ ಶಕ್ತಿ ಒಮ್ಮೆ ತುಂಬಾ ಕುಗ್ಗಿದವರಲ್ಲಿ ಎಚ್‌ಪಿವಿ ತಾನಾಗಿ ಹೋಗೋದು ಕಷ್ಟ, ಹಾಗಾಗಿ ಈ ಬದಲಾವಣೆ ಅವರಲ್ಲಿ ಜಾಸ್ತಿ, ಹೆಂಗಸರಲ್ಲೂ.

ಈಗ ತೊಡಕು. ಉರಿಯೂತ ಇದ್ರೂ, ಪೊರೆ ವಾಸಿಯಾಗ್ತಾ ಇದ್ರೂ ಕೆಐ-67 ಹೆಚ್ಚುತ್ತೆ. ಅದಕ್ಕೇ ಅನುಮಾನ ಬಂದಾಗ ಪೆಥಾಲಜಿಸ್ಟ್ ಪಿ16 ಅಂತ, ಎಚ್‌ಪಿವಿ ಆ ಬ್ರೇಕನ್ನ ಕೆಡಿಸಿದಾಗ ಹೆಚ್ಚೋ ಪ್ರೋಟೀನಿಗೆ, ಇನ್ನೊಂದು ಬಣ್ಣದ ಪರೀಕ್ಷೆನೂ ಮಾಡಿಸ್ತಾರೆ. ಅಂದ್ರೆ ಕೆಐ-67 ಹೇಳೋದು 'ಇಲ್ಲಿ ಕೋಶ ಎರಡಾಗ್ತಿದೆ' ಅಂತ ಅಷ್ಟೇ, 'ಇದು ಕ್ಯಾನ್ಸರ್' ಅಂತಲ್ಲ. ಆದ್ರಿಂದ 'ಕ್ಯಾನ್ಸರ್ ಸೂಚಕ' ಅಂತ ಬರೆಯೋದು ಖಂಡಿತ ಬೇಡ ಅನ್ಸುತ್ತೆ. 'ಪ್ರಸರಣ' ಅಂದ್ರೆ ಓದೋರು ಬೇರೆ ಅಂಗಕ್ಕೆ ಹರಡಿದೆ ಅಂದ್ಕೊಳ್ತಾರೆ, ಅದು ಇನ್ನೂ ಅಪಾಯ. 'ಕೋಶವೃದ್ಧಿ' ಸರಿಯಾಗೇ ಇದೆ, ಆದ್ರೆ ವೃದ್ಧಿ ಅಂದ್ರೆ ನಮ್ ಕಿವಿಗೆ ಒಳ್ಳೇದಾಗೋದು, ಬೆಳೆಯೋದು. ಸದ್ಯಕ್ಕೆ 'ಕೋಶ ವಿಭಜನೆಯ ಗುರುತು' ಅಂತ ಇಟ್ಕೊಂಡಿದೀನಿ, ವಿಭಜನೆ ಶಾಲೆ ಪಾಠದಲ್ಲೇ ಎಲ್ಲರೂ ಓದಿರೋ ಪದ.

ಲೀಷನ್‌ದೇ ದೊಡ್ಡ ತಲೆನೋವು. 'ಗಾಯ', 'ಹುಣ್ಣು' ಅಂದ್ರೆ ನೋವು, ರಕ್ತ ಇರ್ಬೇಕು ಅನ್ಸುತ್ತೆ, ಇಲ್ಲಿ ಎಷ್ಟೋ ಸಲ ಏನೂ ಇರಲ್ಲ, ಅಸಿಟಿಕ್ ಆಸಿಡ್ ಹಚ್ಚಿ ದೊಡ್ಡದು ಮಾಡಿ ತೋರ್ಸೋ ಸ್ಕೋಪಲ್ಲಿ ನೋಡಿದ್ರೇನೇ ಕಾಣೋದು. 'ನಂಗೆ ಗಾಯ ಇಲ್ವಲ್ಲ' ಅಂತ ಜನ ತಪಾಸಣೆಗೇ ಬರಲ್ಲ, ಬಂದ ರಕ್ತಕ್ಕೂ ಮೂಲವ್ಯಾಧಿ ಅಂತ ಹೆಸರಿಟ್ಟು ಸುಮ್ನಾಗ್ತಾರೆ. 'ವಿಕಾರ' ಅಂತೂ ನಾನು ಬರೆಯಲ್ಲ, ಎಚ್ಐವಿ ಇರೋರು ಈಗಾಗ್ಲೇ ಸಾಕಷ್ಟು ಮಾತು ಕೇಳಿದಾರೆ.

'ಕ್ಯಾನ್ಸರ್ ಪೂರ್ವ' ಅಂದ್ರೂ ಮುಂದೆ ಕ್ಯಾನ್ಸರ್ ಬಂದೇ ಬರುತ್ತೆ ಅನ್ನೋ ಹಾಗೆ ಕೇಳ್ಸುತ್ತೆ. ಹಾಗಲ್ಲ. ಅಮೆರಿಕದಲ್ಲಿ ನಡೆದ ಆಂಕರ್ ಅಧ್ಯಯನ, 2022ರಲ್ಲಿ ಪ್ರಕಟ ಆಯ್ತು, ಎಚ್ಐವಿ ಇರೋ 35 ದಾಟಿದ, ತೀವ್ರ ದರ್ಜೆಯ ಬದಲಾವಣೆ ಇರೋ ಸುಮಾರು 4,400 ಜನರಲ್ಲಿ ಅರ್ಧ ಜನಕ್ಕೆ ಚಿಕಿತ್ಸೆ, ಇನ್ನರ್ಧ ಜನಕ್ಕೆ ಬರೀ ನಿಗಾ. ಚಿಕಿತ್ಸೆ ಗುಂಪಲ್ಲಿ 9 ಜನಕ್ಕೆ ಕ್ಯಾನ್ಸರ್ ಆಯ್ತು, ನಿಗಾ ಗುಂಪಲ್ಲಿ 21 ಜನಕ್ಕೆ. ಅಂದ್ರೆ ಆ ಅವಧಿಯಲ್ಲಿ ಹೆಚ್ಚಿನವರಿಗೆ ಬರಲೇ ಇಲ್ಲ, ಆದ್ರೆ ಚಿಕಿತ್ಸೆ ಅಪಾಯವನ್ನ ಅರ್ಧಕ್ಕಿಂತ ಕೆಳಗಿಳಿಸ್ತು. ಈ ಎರಡೂ ಒಂದೇ ಪದದಲ್ಲಿ ಬರಬೇಕು ಅನ್ನೋದು ನನ್ನಾಸೆ, ಹೆದರಿ ಓಡಿಹೋಗಲೂಬಾರದು, ಏನಿಲ್ಲ ಬಿಡು ಅಂತ ಸುಮ್ನಿರಲೂಬಾರದು.

'ಕ್ಯಾನ್ಸರ್ ಆಗಬಹುದಾದ ಬದಲಾವಣೆ' ಅಂತ ಬರೆದ್ರೆ ಹೇಗೆ? ಉದ್ದ ಆಯ್ತು ನಿಜ. ಎಆರ್‌ಟಿ ಸೆಂಟರಲ್ಲಿ (ಎಚ್ಐವಿ ಔಷಧಿ ಕೊಡೋ ಕೇಂದ್ರ) ಕೌನ್ಸೆಲಿಂಗ್ ಮಾಡೋರು, ನರ್ಸ್‌ಗಳು ಯಾರಾದ್ರೂ ಓದ್ತಿದ್ರೆ ನೀವು ರೋಗಿಗಳ ಜೊತೆ ಏನಂತ ಮಾತಾಡ್ತೀರಿ ಅಂತ ದಯವಿಟ್ಟು ಹೇಳಿ, ಉತ್ತರ ಕರ್ನಾಟಕದ ಕಡೆ, ಕರಾವಳಿ ಕಡೆ ಬೇರೆ ಮಾತಿದ್ರೆ ಅದೂ ಬೇಕು.