‘ಸಾಮಾನ್ಯೀಕೃತ ನಿರ್ದೇಶಾಂಕ’ಕ್ಕೆ ಬದಲಿ ಪದ ಇದೆಯೇ?

ಎಲ್ಲರಿಗೂ ನಮಸ್ಕಾರ.

ಎಂ.ಎಸ್ಸಿ. ಭೌತಶಾಸ್ತ್ರಕ್ಕೆ ಹೊಸದಾಗಿ ಸೇರಿದವರಿಗಾಗಿ ಲಗ್ರಾಂಜನ ಚಲನ ಸಮೀಕರಣಗಳನ್ನು ಕನ್ನಡದಲ್ಲಿ ವಿವರಿಸುವ ಟಿಪ್ಪಣಿ ಬರೆಯುತ್ತಿದ್ದೇನೆ. ಜವ, ವೇಗೋತ್ಕರ್ಷ, ಸಂವೇಗ, ಪ್ರಚ್ಛನ್ನ ಶಕ್ತಿ ಇವೆಲ್ಲ ಹೈಸ್ಕೂಲಿನಿಂದಲೇ ಬಾಯಿಗೆ ಹತ್ತಿದ ಪದಗಳು, ಅಲ್ಲಿ ತೊಡಕಿಲ್ಲ. ಪೇಚಾಟ ಶುರುವಾಗುವುದು ಜನರಲೈಸ್ಡ್ ಕೋಆರ್ಡಿನೇಟ್, ಅಂದರೆ ವಸ್ತು ಎಲ್ಲಿದೆ ಎಂದು ಹೇಳಲು ಸಮಸ್ಯೆಗೆ ತಕ್ಕಂತೆ ನಾವೇ ಆರಿಸಿಕೊಳ್ಳುವ ಅಳತೆ, ಬಂದಾಗ. ಇದನ್ನು ‘ಸಾಮಾನ್ಯೀಕೃತ ನಿರ್ದೇಶಾಂಕ’ ಎಂದು ಬರೆಯುವುದುಂಟು. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ.

ನಮ್ಮಲ್ಲಿ ಸಾಮಾನ್ಯ ಅಂದರೆ ಮಾಮೂಲಿ, ವಿಶೇಷವೇನೂ ಇಲ್ಲದ್ದು. ಇಲ್ಲಿ ನಡೆಯುವುದು ಅದಕ್ಕೆ ತದ್ವಿರುದ್ಧ. ಒಂದೇ ಸಮತಲದಲ್ಲಿ ತೂಗುವ ಲೋಲಕವನ್ನು ತೆಗೆದುಕೊಳ್ಳಿ. ಗುಂಡು ಎಲ್ಲಿದೆ ಎಂದು ಹೇಳಲು ಎಕ್ಸ್, ವೈ ಎಂಬ ಮಾಮೂಲಿ ನಿರ್ದೇಶಾಂಕಗಳು ಎರಡು ಬೇಕು. ಆದರೆ ದಾರ ಹಿಗ್ಗುವುದಿಲ್ಲ, ಹಾಗಾಗಿ ಎಕ್ಸ್ ವರ್ಗಕ್ಕೆ ವೈ ವರ್ಗ ಕೂಡಿಸಿದರೆ ಸದಾ ದಾರದ ಉದ್ದದ ವರ್ಗವೇ ಬರುತ್ತದೆ. ಈ ನಿರ್ಬಂಧದಿಂದ ಒಂದು ಕಳೆಯಿತು. ಉಳಿದ ಒಂದರ ಜಾಗಕ್ಕೆ ದಾರ ವಾಲಿದ ಕೋನವನ್ನು ಆರಿಸಿಕೊಂಡು, ಚಲನ ಶಕ್ತಿಯಲ್ಲಿ ಪ್ರಚ್ಛನ್ನ ಶಕ್ತಿಯನ್ನು ಕಳೆದು (ಇದೇ ಲಗ್ರಾಂಜಿಯನ್) ಲಗ್ರಾಂಜನ ಸಮೀಕರಣಕ್ಕೆ ಹಾಕಿದರೆ ಉತ್ತರ ಕೈಗೆ ಬಂತು: ಗುರುತ್ವ ವೇಗೋತ್ಕರ್ಷವನ್ನು ದಾರದ ಉದ್ದದಿಂದ ಭಾಗಿಸಿ, ಕೋನದ ಸೈನ್‌ನಿಂದ ಗುಣಿಸಿ, ಮುಂದೆ ಮೈನಸ್ ಹಾಕಿದರೆ ಅದೇ ಕೋನೀಯ ವೇಗೋತ್ಕರ್ಷ. ದಾರದ ಎಳೆತದ ಹೆಸರೇ ಇಲ್ಲ! ಎಕ್ಸ್, ವೈ ಹಿಡಿದು ನ್ಯೂಟನ್‌ನ ನಿಯಮ ಬರೆದಿದ್ದರೆ ಆ ಎಳೆತವನ್ನು ಒಳಗೆ ತಂದು ಆಮೇಲೆ ಹೊರಗೆ ಹಾಕಬೇಕಿತ್ತು. ಇಷ್ಟೆಲ್ಲ ಕೆಲಸ ಉಳಿಸಿಕೊಟ್ಟ, ಸಮಸ್ಯೆಗೆ ತಕ್ಕಂತೆ ಹೆಕ್ಕಿದ, ಮೀಟರಿನಲ್ಲಿ ಅಳೆಯಲೂ ಬಾರದ ಆ ಕೋನವನ್ನು ಸಾಮಾನ್ಯ ಅನ್ನುವುದು ಹೇಗೆ?

‘ಆಯ್ದ ನಿರ್ದೇಶಾಂಕ’ ಅನ್ನೋಣವೆಂದರೆ ಇನ್ನೊಂದು ತೊಡಕು. ಇದೇ ವಿಶೇಷಣ ವೇಗ, ಸಂವೇಗ, ಬಲಗಳ ಹಿಂದೆಯೂ ನಿಲ್ಲಬೇಕು. ಕೋನ ಹಿಡಿದಾಗ ಅದರ ಜೊತೆಗಾರ ಸಂವೇಗ ಕೋನೀಯ ಸಂವೇಗ. ಬಲದ ಸ್ಥಾನದಲ್ಲಿ ಬಂದು ಕೂರುವುದು ಟಾರ್ಕ್, ಅಂದರೆ ಬಲದ ತಿರುಗಿಸುವ ಪರಿಣಾಮ. ‘ಆಯ್ದ ಬಲ’ ಎಂದರೆ ಹಲವು ಬಲಗಳಲ್ಲಿ ಒಂದನ್ನು ಹೆಕ್ಕಿದಂತೆ ಕೇಳಿಸುತ್ತದೆ. ‘ಸಾರ್ವತ್ರಿಕ’ ಅಂದರೆ ಎಲ್ಲೆಡೆಗೂ ಒಂದೇ ಎಂಬ ಅರ್ಥ ಬಂದುಬಿಡುತ್ತದೆ. ಸದ್ಯಕ್ಕೆ ನನ್ನ ಮನಸ್ಸು ‘ವಿಸ್ತೃತ’ದ ಕಡೆಗಿದೆ: ವಿಸ್ತೃತ ನಿರ್ದೇಶಾಂಕ, ವಿಸ್ತೃತ ಸಂವೇಗ, ವಿಸ್ತೃತ ಬಲ. ನಿರ್ದೇಶಾಂಕವೆಂಬ ಕಲ್ಪನೆಯನ್ನೇ ಹಿಗ್ಗಿಸಿದ್ದೇವೆ ಎಂಬುದು ಇದರಲ್ಲಿ ಸರಿಯಾಗಿ ಕೂರುತ್ತದೆ.

ಪದಕ್ಕಾಗಿ ಇಷ್ಟು ಒದ್ದಾಟವೇಕೆ ಎನ್ನಬಹುದು. 1788ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಒಂದು ಚಿತ್ರವೂ ಸಿಗದು ಎಂದು ಲಗ್ರಾಂಜ್ ಮುನ್ನುಡಿಯಲ್ಲೇ ಹೇಳಿಬಿಟ್ಟಿದ್ದ. ನ್ಯೂಟನ್‌ನ ದಾರಿಯಲ್ಲಿ ಬಲಕ್ಕೊಂದು ಬಾಣ ಎಳೆದು ತೋರಿಸಬಹುದು, ಪದ ಎಡವಿದರೂ ಬಾಣ ಕಾಪಾಡುತ್ತದೆ. ಇಲ್ಲಿ ಆ ಆಸರೆ ಇಲ್ಲ. ಸಮೀಕರಣ ಬಿಟ್ಟರೆ ಇರುವುದು ಪದ ಮಾತ್ರ.

ನಿರ್ಬಂಧಗಳನ್ನು ಕಳೆದ ಮೇಲೆ ಉಳಿಯುವ ಸ್ವತಂತ್ರ ನಿರ್ದೇಶಾಂಕಗಳ ಎಣಿಕೆಗೆ, ಅಂದರೆ ಡಿಗ್ರೀಸ್ ಆಫ್ ಫ್ರೀಡಮ್‌ಗೆ, ‘ಸ್ವಾತಂತ್ರ್ಯ ಸಂಖ್ಯೆ’ ಎಂದು ಬರೆದುಕೊಂಡಿದ್ದೇನೆ. ಡಿಗ್ರಿ ಎಂದೇ ಉಳಿಸಿದರೆ ಹುಡುಗರು ಕೋನ ಅಳೆಯಲು ಹೋಗುತ್ತಾರೆ. ಒಂದೇ ಸಮತಲದಲ್ಲಿ ತೂಗುವ ಜೋಡಿ ಲೋಲಕದ (ಒಂದರ ತುದಿಗೆ ಇನ್ನೊಂದು ಕಟ್ಟಿದ್ದು) ಸ್ವಾತಂತ್ರ್ಯ ಸಂಖ್ಯೆ ಎರಡು ಎಂದರೆ ಮುಗಿಯಿತು. ವರ್ಚುವಲ್ ಸ್ಥಾನಪಲ್ಲಟಕ್ಕೆ ಬೆಳಕಿನ ಪಾಠದ ‘ಮಿಥ್ಯ’ ಬೇಡ, ‘ಕಲ್ಪಿತ’ ಸಾಕು. ಕಾಲವನ್ನು ತಡೆದು ನಿಲ್ಲಿಸಿ, ನಿರ್ಬಂಧ ಮುರಿಯದಂತೆ ಮನಸ್ಸಿನಲ್ಲೇ ಮಾಡುವ ಸಣ್ಣ ಕದಲಿಕೆ ಅದು.

ಎಲ್ಲಕ್ಕಿಂತ ಕಗ್ಗಂಟು ಆಕ್ಷನ್. 1834–35ರಲ್ಲಿ ಹ್ಯಾಮಿಲ್ಟನ್ ಮಂಡಿಸಿದ ತತ್ವದ ಜೀವಾಳವೇ ಇದು: ಲಗ್ರಾಂಜಿಯನ್ನನ್ನು ಕಾಲದುದ್ದಕ್ಕೂ ಕೂಡಿಸಿದ ಮೊತ್ತ, ಅಳತೆ ಜೂಲ್-ಸೆಕೆಂಡಿನಲ್ಲಿ. ‘ಕ್ರಿಯೆ’ ಎಂದರೆ ಓದುಗರು ನೇರ ನ್ಯೂಟನ್‌ನ ಮೂರನೇ ನಿಯಮಕ್ಕೆ ಹೋಗಿ ಪ್ರತಿಕ್ರಿಯೆ ಎಲ್ಲಿ ಎಂದು ಹುಡುಕುತ್ತಾರೆ. ಅಲ್ಲಿನ ಕ್ರಿಯೆ ಬಲ, ಇದು ಬಲವಲ್ಲ. ‘ಕ್ರಿಯಾಮೊತ್ತ’ ಎಂದು ಬರೆದರೆ ನಡೆದೀತೇ? ಪಾಠ ಮಾಡುವಾಗ ನೀವು ಬಳಸಿದ, ಎಲ್ಲಾದರೂ ಓದಿದ ಬೇರೆ ಪದವಿದ್ದರೆ, ಅದನ್ನು ಬಳಸಿದ ವಾಕ್ಯದ ಸಮೇತ ದಯವಿಟ್ಟು ತಿಳಿಸಿ.